ಸಿದ್ಧಲಿಂಗೇಶರ ಗಿಡ್ಡ ಗಾಲಿ

ಸಿದ್ಧಲಿಂಗೇಶರು ಸೈಕಲ್ ಕೊಂಡದ್ದು ವ್ಯಾಯಾಮಕ್ಕಲ್ಲ, ಷೇರ್ ಆಟೋದವನ ಮೇಲಿನ ಸಿಟ್ಟಿಗೆ.

ಹಾವೇರಿ ಕಡೆಯ ಈ ಮನುಷ್ಯ, ಮದ್ರಾಸಿನ ಹೆಸರು ಬದಲಾಗುವ ಮೊದಲೇ ಅಲ್ಲಿಗೆ ಬಂದು, ಮೌಂಟ್ ರೋಡಿನ ಒಂದು ವಿಮಾ ಕಂಪನಿಗೆ ಸೇರಿ, ಪೂರ್ವ ತಾಂಬರಂನ ಕಾಮಾಕ್ಷಿ ನಗರದಲ್ಲಿ ಎರಡು ರೂಮಿನ ಫ್ಲ್ಯಾಟು ಮಾಡಿಕೊಂಡಿದ್ದರು. ಮನೆಯಿಂದ ರೈಲ್ವೆ ಸ್ಟೇಷನ್ನಿಗೆ ಎರಡು ಕಿಲೋಮೀಟರು. ಅಲ್ಲಿಯವರೆಗೆ ಷೇರ್ ಆಟೋ, ಅಲ್ಲಿಂದ ಮುಂದೆ ಎಲೆಕ್ಟ್ರಿಕ್ ಟ್ರೇನು. ಟ್ರೇನಿನ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಅದು ಎಲ್ಲರನ್ನೂ ಒಂದೇ ಸಮ ಹಿಂಡುತ್ತಿತ್ತು. ಆಟೋ ಹಾಗಲ್ಲ. ಸಿದ್ಧಲಿಂಗೇಶರ ಎತ್ತರ ಐದಡಿಗೆ ಒಂದಿಂಚು ಕಮ್ಮಿ. ಅವರನ್ನು ಕಂಡ ಕೂಡಲೇ ಡ್ರೈವರಿಗೆ ತನ್ನ ತುಂಬಿದ ಆಟೋದಲ್ಲಿ ಇನ್ನೂ ಒಬ್ಬರಿಗೆ ಜಾಗವಿದೆ ಎಂಬುದು ಹೊಳೆಯುತ್ತಿತ್ತು. ಅವರನ್ನು ಇಬ್ಬರ ನಡುವೆ, ಸೀಟಿನ ಅಂಚಿಗೆ, ಒಮ್ಮೊಮ್ಮೆ ತನ್ನ ಮಗ್ಗುಲಿಗೆ, ಎಲ್ಲಿ ಸಂದಿ ಕಂಡರೆ ಅಲ್ಲಿ ತುರುಕುತ್ತಿದ್ದ. ಅದನ್ನೂ ಅವರು ಸಹಿಸಿದ್ದರು.

ಆದರೆ ೨೦೦೩ರ ಜುಲೈ ತಿಂಗಳ ಒಂದು ಸೋಮವಾರ ಮೀನಿನ ಬುಟ್ಟಿಯ ಹೆಂಗಸೊಬ್ಬಳಿಗೆ ಜಾಗ ಮಾಡಿಕೊಡಲು ಡ್ರೈವರು ಅವರ ಎರಡೂ ಕಂಕುಳಿಗೆ ಕೈ ಹಾಕಿ, ಎತ್ತಿ, ಆಚೆ ಕಡೆ ಇಟ್ಟುಬಿಟ್ಟ. ಸರಿಸುವುದು ಬೇರೆ, ಎತ್ತಿಡುವುದು ಬೇರೆ. ಕೈಕೆಳಗೆ ಇಬ್ಬರು ಗುಮಾಸ್ತರಿರುವ ನಲವತ್ತನಾಲ್ಕು ವಯಸ್ಸಿನ ಅಧಿಕಾರಿಯನ್ನು ಸರಿಸಬಹುದು, ಎತ್ತಿಡಬಾರದು. ಅಂದೇ ಸಂಜೆ ಸಿದ್ಧಲಿಂಗೇಶರು ತಾಂಬರಂ ಮಾರ್ಕೆಟ್ಟಿನ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿದರು.

ಅಂಗಡಿಯವನು ವಿನಯವಂತ. ನಗುನಗುತ್ತಾ ಬಂದು, ಮಗ ಎಷ್ಟನೇ ಕ್ಲಾಸು ಎಂದು ಕೇಳಿದ. ಸೈಕಲ್ಲು ತನಗೇ ಎಂದು ಇವರು ಹೇಳಿದ ಮೇಲೆ ಅವನು ಒಂದು ಗಳಿಗೆ ಇವರನ್ನು ಮೇಲಿಂದ ಕೆಳಗೆ ನೋಡಿದ. ಅದು ಬಹಳ ದೂರದ ಪ್ರಯಾಣವೇನಲ್ಲವಾದ್ದರಿಂದ ಬೇಗ ಮುಗಿಯಿತು. ಆಮೇಲೆ ಅವನು ಬುಟ್ಟಿ, ಗಂಟೆ, ಹ್ಯಾಂಡಲ್ಲಿಗೆ ಬಣ್ಣದ ಕುಚ್ಚು ಇರುವ ಸೈಕಲ್ಲೊಂದನ್ನು ಮುಂದೆ ತಂದು ನಿಲ್ಲಿಸಿದ. ಸಿದ್ಧಲಿಂಗೇಶರು ಅದನ್ನು ನೋಡಲೂ ಇಲ್ಲ. ಅಂಗಡಿಯಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಂತಿದ್ದ ಕರಿಯ ಸೈಕಲ್ಲಿಗೆ ಬೆರಳು ತೋರಿಸಿದರು. ಇಪ್ಪತ್ತಾರು ಇಂಚಿನ ಗಾಲಿ, ಹದಿನೆಂಟು ಗೇರು, ಬೆಟ್ಟ ಹತ್ತುವವರು ಓಡಿಸುವ ಜಾತಿ. ಅದು ಆರಡಿ ಆಳಿನ ಫ್ರೇಮು ಸಾರ್ ಎಂದು ಅಂಗಡಿಯವನು ಎರಡು ಸಲ ಹೇಳಿದ. ಎರಡನೆಯ ಸಲ ಹೇಳಿದ್ದಕ್ಕೇ ಅದು ಮಾರಾಟವಾಯಿತು.

ಕೊಂಡದ್ದನ್ನು ಹತ್ತಲಾಗದೆ ಎರಡು ಕಿಲೋಮೀಟರು ತಳ್ಳಿಕೊಂಡೇ ಬಂದರು. ದಾರಿಯಲ್ಲಿ ಮೂವರು ಪಂಕ್ಚರಾ ಎಂದು ಕೇಳಿದರು. ಮೂವರಿಗೂ ಹೌದೆಂದು ತಲೆಯಾಡಿಸಿದರು. ಮನೆಯ ಮುಂದೆ ಹೆಂಡತಿ ಗಿರಿಜಾದೇವಿ ಸೈಕಲ್ಲನ್ನೂ ಗಂಡನನ್ನೂ ಒಂದೇ ನೋಟದಲ್ಲಿ ಅಳೆದರು. ಆಕೆ ಗಂಡನಿಗಿಂತ ಅರ್ಧ ತಲೆ ಎತ್ತರ.

"ಏಣಿ ಅದರ ಜೋಡಿನ ಕೊಡ್ತಾರೋ, ಬ್ಯಾರೆ ತಗೋಬೇಕೋ?" ಎಂದು ಕೇಳಿದರು.

ಎಂಟನೇ ಕ್ಲಾಸಿನ ಮಗಳು ತೇಜಶ್ರೀ, ಕನ್ನಡ ಅರ್ಥವಾದರೂ ಉತ್ತರವನ್ನೆಲ್ಲ ತಮಿಳಿನಲ್ಲೇ ಕೊಡುವವಳು, ಅಪ್ಪಾ ಇದು ಯಾರಿಗೆ ಎಂದು ವಿಚಾರಿಸಿದಳು. ಸಿದ್ಧಲಿಂಗೇಶರು ಸೈಕಲ್ಲನ್ನು ಗೋಡೆಗೆ ಒರಗಿಸಿ ಬೀಗ ಹಾಕಿದರು.

ಮರುದಿನದಿಂದ ಅವರ ಹೊಸ ಜೀವನ ಶುರುವಾಯಿತು. ಸೈಕಲ್ ಹತ್ತಲು ಕಾಂಪೌಂಡಿನ ಕಟ್ಟೆ ಬೇಕಿತ್ತು. ಇಳಿಯಲು ಇನ್ನೊಂದು ಕಟ್ಟೆ ಬೇಕಿತ್ತು. ಸೀಟನ್ನು ತಳಮಟ್ಟಕ್ಕೆ ಇಳಿಸಿದ್ದರೂ ಕಾಲು ನೆಲದಿಂದ ಮೂರು ಇಂಚು ಮೇಲೆ ತೂಗುತ್ತಿತ್ತು. ಒಂದೇ ವಾರದಲ್ಲಿ ಅವರಿಗೆ ಮನೆಯಿಂದ ಸ್ಟೇಷನ್ನಿನವರೆಗಿನ ಪ್ರತಿಯೊಂದು ಮೋರಿ, ಮೆಟ್ಟಿಲು, ಹಾಲಿನ ಬೂತಿನ ಜಗಲಿ, ಲೈಟುಕಂಬ ಬಾಯಿಪಾಠವಾಯಿತು. ಆಸರೆ ಸಿಗುವ ಕಡೆ ಮಾತ್ರ ನಿಲ್ಲುವುದು. ಸಿಗದಿದ್ದರೆ ಸಿಗುವವರೆಗೂ ಹೋಗುತ್ತಲೇ ಇರುವುದು. ಹಾಗಾಗಿ ಕೆಲವು ದಿನ ಸ್ಟೇಷನ್ ದಾಟಿ ಬಹಳ ಮುಂದೆ ಹೋಗಿ ತಿರುಗಿ ಬರಬೇಕಾಗುತ್ತಿತ್ತು. ಸಿಗ್ನಲ್ಲಿನ ಹತ್ತಿರ ಒಮ್ಮೆ ಕೆಂಪು ದೀಪ ಬಿದ್ದಾಗ ಹಿಡಿಯಲು ಏನೂ ಸಿಗದೆ, ಅಲ್ಲಿ ನಿಂತಿದ್ದ ಟ್ರಾಫಿಕ್ ಪೋಲೀಸಿನವನ ಹೆಗಲ ಮೇಲೆ ಕೈ ಹಾಕಿ ನಿಂತರು. ಪೋಲೀಸಿನವನು ಯಾರೋ ಹಳೆಯ ಸ್ನೇಹಿತ ಇರಬೇಕೆಂದುಕೊಂಡು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಕೇಳಿದ. ಚೆನ್ನಾಗಿದ್ದಾರೆಂದು ಇವರು ಹೇಳಿದರು. ಹಸಿರು ಬಿತ್ತು, ಹೆಗಲನ್ನು ಒಮ್ಮೆ ಒತ್ತಿ ಹೊರಟುಬಿಟ್ಟರು.

ಹೀಗೆ ಒಂದು ತಿಂಗಳು ಕಳೆಯಿತು. ಆಗಸ್ಟಿನಲ್ಲಿ ಅವರು ಸೈಕಲ್ ಮೆಕ್ಯಾನಿಕ್ ತಿರುಮಲನ ಅಂಗಡಿಗೆ ಹೋದರು. ಕಾಲೋನಿಯ ಮೂಲೆಯಲ್ಲಿ ತಗಡಿನ ಅಂಗಡಿ ಇಟ್ಟಿದ್ದ ತಿರುಮಲ ಐವತ್ತು ದಾಟಿದವನು. ಮಾತು ಕಡಿಮೆ, ಆಡಿದ್ದು ಸುಳ್ಳಾಗುತ್ತಿರಲಿಲ್ಲ. ಸಿದ್ಧಲಿಂಗೇಶರು ಹಳೆಯ ಪಾಲಿಸಿ ಫಾರಮ್ಮಿನ ಬೆನ್ನಿನ ಮೇಲೆ ಚಿತ್ರ ಬರೆದುಕೊಂಡೇ ಹೋಗಿದ್ದರು. ಫ್ರೇಮು ಅದೇ ಇರಲಿ. ಗಾಲಿ ಮಾತ್ರ ಇಪ್ಪತ್ತಾರರ ಬದಲು ಇಪ್ಪತ್ತನಾಲ್ಕು ಹಾಕು. ಸೈಕಲ್ಲು ಇಡಿಯಾಗಿ ಕೆಳಗಿಳಿಯುತ್ತದೆ. ಲೆಕ್ಕ ಎಲ್ಲೂ ತಪ್ಪಿರಲಿಲ್ಲ.

ತಿರುಮಲ ಚಿತ್ರವನ್ನು ನೋಡಿ, ಸೈಕಲ್ಲನ್ನು ನೋಡಿ, "ಸಾರ್, ಬ್ರೇಕ್ ಎಟ್ಟಾದು" ಎಂದ.

ಎಟ್ಟಾದು ಎಂದರೆ ಎಟಕುವುದಿಲ್ಲ. ಹುಟ್ಟಿದಂದಿನಿಂದ ಮೇಲಿನ ಗೂಡು, ಬಸ್ಸಿನ ಸರಳು, ಆಫೀಸಿನ ಬೀರುವಿನ ತಲೆ, ಹೀಗೆ ಎಲ್ಲದರ ಮುಂದೆಯೂ ಆ ಒಂದು ಮಾತನ್ನೇ ಕೇಳಿ ಬೆಳೆದವರಿಗೆ ಅದು ಯಾವ ಭಾಷೆಯಲ್ಲಿ ಬಂದರೂ ಅರ್ಥವಾಗುತ್ತದೆ. ಬ್ರೇಕಿನ ರಬ್ಬರು ದೊಡ್ಡ ಗಾಲಿಯ ರಿಮ್ಮನ್ನು ಹಿಡಿಯಲಿಕ್ಕೆ ಮಾಡಿದ್ದು, ಗಾಲಿ ಚಿಕ್ಕದಾದರೆ ರಿಮ್ಮು ಒಳಕ್ಕೆ ಹೋಗುತ್ತದೆ, ರಬ್ಬರು ಗಾಳಿಯನ್ನು ಹಿಡಿಯುತ್ತದೆ ಎಂದು ತಿರುಮಲ ಕೈಯಾಡಿಸಿ ವಿವರಿಸಿದ. ಅವನು ವಿವರಿಸುತ್ತಿದ್ದದ್ದು ಬ್ರೇಕಿನ ವಿಚಾರ. ಸಿದ್ಧಲಿಂಗೇಶರ ಕಿವಿಗೆ ಬಿದ್ದದ್ದು ಎಟ್ಟಾದು ಮಾತ್ರ. ಗಾಲಿ ಬದಲಾಯಿಸಲೇಬೇಕೆಂದು ಹಟ ಹಿಡಿದರು.

ಇಪ್ಪತ್ತನಾಲ್ಕು ಹಾಕಿದಾಗ ಸೈಕಲ್ಲು ಬರೇ ಒಂದಿಂಚು ಇಳಿಯಿತು. ಬ್ರೇಕು ಒತ್ತಿದರೆ ರಬ್ಬರು ಹೋಗಿ ಟಯರಿನ ಪಕ್ಕೆಗೆ ಉಜ್ಜಿ ಆನೆಮರಿ ಕೂಗಿದಂತೆ ಕೂಗುತ್ತಿತ್ತು. ಹತ್ತು ದಿನದಲ್ಲಿ ಟಯರು ಸವೆದು, ಸ್ಟೇಷನ್ ಎದುರಿಗೇ ಢಮಾರೆಂದು ಒಡೆಯಿತು. ಟಿಕೆಟ್ ಸಾಲಿನಲ್ಲಿದ್ದವರು ಅರ್ಧ ಜನ ಕೆಳಗೆ ಕೂತರು. ಇವರು ಮತ್ತೆ ತಿರುಮಲನ ಹತ್ತಿರ ಬಂದು, ಮಾಡುವುದೇ ಆದರೆ ಪೂರ್ತಿ ಮಾಡು ಎಂದರು. ಈ ಸಲ ಇಪ್ಪತ್ತಿಂಚಿನ ಗಾಲಿ ಬಿತ್ತು.

ಈಗ ಸೈಕಲ್ಲು ಮೂರಿಂಚು ಇಳಿದಿತ್ತು. ಸಿದ್ಧಲಿಂಗೇಶರು ಸೀಟಿನ ಮೇಲೆ ಕೂತು ಎರಡೂ ಪಾದಗಳನ್ನು ನೆಲಕ್ಕೆ ಊರಿದರು. ಎಷ್ಟೋ ಹೊತ್ತು ಹಾಗೆಯೇ ಕೂತಿದ್ದರು. ಬ್ರೇಕಿನ ರಬ್ಬರುಗಳು ಗಾಲಿಗೂ ತಮಗೂ ಯಾವ ಸಂಬಂಧವೂ ಇಲ್ಲವೆಂಬಂತೆ ಮೇಲೆ ಎಲ್ಲೋ ಇದ್ದವು. ಅದನ್ನು ತಿರುಮಲ ಮತ್ತೊಮ್ಮೆ ತೋರಿಸಿದಾಗ, ಕಾಲು ನೆಲಕ್ಕೆ ಸಿಕ್ಕ ಮೇಲೆ ಕಾಲೇ ಬ್ರೇಕು ಎಂದು ಉತ್ತರ ಕೊಟ್ಟರು.

ಚಿಕ್ಕ ಗಾಲಿಗೆ ಇನ್ನೂ ಎರಡು ಗುಣಗಳಿದ್ದವು. ಒಂದು, ಪೆಡಲು ನೆಲದ ಹತ್ತಿರ ಬಂದು ಪ್ರತಿ ರಸ್ತೆ ಉಬ್ಬಿಗೂ ಕಟಾರೆಂದು ಬಡಿಯುತ್ತಿತ್ತು. ಎರಡು, ಕಾಲು ಹೊಲಿಗೆ ಮಿಷನ್ನಿನಂತೆ ಗರಗರ ತಿರುಗಿದರೂ ಸೈಕಲ್ಲು ಮುಂದೆ ಹೋಗುತ್ತಿದ್ದದ್ದು ನಡೆದುಹೋಗುವವರ ವೇಗದಲ್ಲಿ. ಈ ಎರಡನೆಯ ಗುಣದಿಂದಲೇ ಮುಂದಿನದೆಲ್ಲ ನಡೆಯಿತು.

ಕಾಲೋನಿಯ ನಿವಾಸಿಗಳ ಸಂಘದ ಸೆಕ್ರೆಟರಿ ಕೃಷ್ಣಪ್ರಸಾದ, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ತಮಿಳರು, ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದರು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವರು ನಡೆಯುತ್ತಿದ್ದ ಹಾಗೆಯೇ ಪಕ್ಕದಲ್ಲಿ ಸಿದ್ಧಲಿಂಗೇಶರು ಸೈಕಲ್ ತುಳಿಯುತ್ತಾ ಬಂದರು. ಇವರು ದಾಟಿ ಹೋಗಲಿ ಎಂದು ಅವರು ಕಾದರು. ಇವರಿಗೆ ದಾಟಲಾಗಲಿಲ್ಲ. ಇಬ್ಬರೂ ಜೊತೆಜೊತೆಗೆ ಒಂದು ಬೀದಿಯ ಉದ್ದಕ್ಕೂ ಹೋದರು. ಒಬ್ಬರು ನಿಧಾನವಾಗಿ ಕೈ ಬೀಸುತ್ತಾ, ಇನ್ನೊಬ್ಬರು ಬೆವರು ಸುರಿಸುತ್ತಾ. ಕೊನೆಗೆ ಕೃಷ್ಣಪ್ರಸಾದ, ಇಷ್ಟು ದೊಡ್ಡ ಸೈಕಲ್ಲಿಗೆ ಇಷ್ಟು ಚಿಕ್ಕ ಗಾಲಿ ಯಾಕೆ ಎಂದು ಕೇಳಿದರು.

ಸಿದ್ಧಲಿಂಗೇಶರಿಗೆ ತಮಿಳು ಚೆನ್ನಾಗಿಯೇ ಬರುತ್ತಿತ್ತು, ಆದರೆ ಅದಕ್ಕೆ ಉಸಿರು ಬೇಕಿತ್ತು. ಏದುಸಿರಿನಲ್ಲಿ ನಿಜ ಸಂಗತಿ ಹಾವೇರಿಯ ಕನ್ನಡದಲ್ಲೇ ಬಾಯಿಂದ ಜಾರಿತು.

"ಕಾಲ್ ಮುಟ್ಟ್‌ಲಿ..."

ನೆಲಕ್ಕೆ ಕಾಲು ಮುಟ್ಟಲಿ ಅಂತ ಎಂದು ಮುಗಿಸುವುದರೊಳಗೆ ಕೃಷ್ಣಪ್ರಸಾದ ನಿಂತೇಬಿಟ್ಟರು. ತಮಿಳಿನಲ್ಲಿ ಮುಟ್ಟಿ ಎಂದರೆ ಮೊಣಕಾಲು, ವಲಿ ಎಂದರೆ ನೋವು.

"ಕಾಲ್ ಮುಟ್ಟಿ ವಲಿಯಾ?" ಎಂದರು ಅವರು, ತಮ್ಮ ಮೊಣಕಾಲನ್ನೇ ಹಿಡಿದುಕೊಂಡು. "ಅದಕ್ಕಾ ಈ ಸೈಕಲ್ಲು?"

ತಿದ್ದಲು ಸಿದ್ಧಲಿಂಗೇಶರಿಗೆ ಎರಡು ಕ್ಷಣ ಸಮಯವಿತ್ತು. ಮೊದಲನೆಯ ಕ್ಷಣ ಉಸಿರು ತೆಗೆದುಕೊಳ್ಳುವುದರಲ್ಲಿ ಹೋಯಿತು. ಎರಡನೆಯದರಲ್ಲಿ ಅವರಿಗೆ ಹೊಳೆದದ್ದೇನೆಂದರೆ, ಮೊಣಕಾಲು ನೋವು ಆರಡಿ ಆಳಿಗೂ ಬರುತ್ತದೆ, ಅದರಲ್ಲಿ ಅವಮಾನವೇನೂ ಇಲ್ಲ. ತಲೆಯಾಡಿಸಿದರು. ಈಗ ವಾಸಿಯಾ ಎಂದು ಕೃಷ್ಣಪ್ರಸಾದ ಕೇಳಿದರು. ಇಲ್ಲದ ನೋವಿನ ಬಗ್ಗೆ ಮನುಷ್ಯ ಏನು ಹೇಳಬಲ್ಲ? ಈಗ ಒಂಚೂರೂ ಇಲ್ಲ ಎಂದರು. ಅದು ಸತ್ಯವೇ ಆಗಿತ್ತು.

ಕೃಷ್ಣಪ್ರಸಾದರು ಇಲಾಖೆ ಬಿಟ್ಟರೂ ಇಲಾಖೆಯ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಮಧ್ಯಾಹ್ನದೊಳಗೆ ಸುದ್ದಿ ಪ್ರತಿ ಮನೆಗೂ ತಲುಪಿತ್ತು. ಗಾಲಿ ಚಿಕ್ಕದು ಮಾಡಿದರೆ ಕಾಲು ಹೆಚ್ಚು ಸಲ ತಿರುಗುತ್ತದೆ, ಭಾರ ಬೀಳುವುದಿಲ್ಲ, ಮೊಣಕಾಲಿನ ಕೀಲಿಗೆ ಒಳಗೇ ಎಣ್ಣೆ ಊರುತ್ತದೆ. ಈ ವಿವರಣೆ ಯಾರು ಕೊಟ್ಟರೋ ಗೊತ್ತಿಲ್ಲ. ಸಂಜೆ ಆಫೀಸಿನಿಂದ ಬರುವಾಗ ಸಿದ್ಧಲಿಂಗೇಶರಿಗೇ ಇದನ್ನು ಮೂರು ಜನ ಹೇಳಿದರು.

ಮನೆಯೊಳಗೆ ಗಿರಿಜಾದೇವಿ ಮುಖ ಊದಿಸಿಕೊಂಡಿದ್ದರು.

"ಮೊಣಕಾಲು ನೋವು ಐತಿ ಅಂತ ಊರ ಮಂದಿ ನನಗ ಬಂದು ಹೇಳಬೇಕನ್ರಿ? ಹದಿನಾರು ವರ್ಷ ಆತು ನಿಮ್ಮ ಜೋಡಿ ಬಾಳೇ ಮಾಡಾಕತ್ತು."

ಸಿದ್ಧಲಿಂಗೇಶರು ಸತ್ಯ ಹೇಳಬೇಕಾದದ್ದು ಇಲ್ಲಿಯೇ. ಆದರೆ ಹೇಳಬೇಕೆಂದರೆ ಗಿಡ್ಡತನದಿಂದ ಶುರುಮಾಡಬೇಕು. ಹದಿನಾರು ವರ್ಷ ಆ ಮಾತನ್ನು ಇಬ್ಬರೂ ಒಮ್ಮೆಯೂ ಆಡಿರಲಿಲ್ಲ. ನಿನಗ ಸುಮ್ನ ಚಿಂತಿ ಯಾಕಂತ ಹೇಳಲಿಲ್ಲ ಎಂದುಬಿಟ್ಟರು. ಆಕೆಯ ಕಣ್ಣು ತುಂಬಿತು. ಆ ಕ್ಷಣದಿಂದ ಚಿಕಿತ್ಸೆ ಆರಂಭವಾಯಿತು. ಎಳ್ಳೆಣ್ಣೆಗೆ ಕರ್ಪೂರ ಹಾಕಿ ಕಾಸಿ, ದಿನಾ ಸಂಜೆ ಎರಡೂ ಮೊಣಕಾಲಿಗೆ ತಿಕ್ಕಿದರು. ಜೋಳದ ರೊಟ್ಟಿ ಬಡಿದು ಪಳಗಿದ ಕೈ. ನಾಲ್ಕನೆಯ ದಿನ ಸಿದ್ಧಲಿಂಗೇಶರಿಗೆ ನಿಜವಾಗಿಯೇ ಮೊಣಕಾಲು ನೋಯತೊಡಗಿತು. ಅದನ್ನು ಹೇಳಿದರೆ ಇನ್ನೂ ಗಟ್ಟಿಯಾಗಿ ತಿಕ್ಕುತ್ತಾರೆಂದು ಹೆದರಿ, ನೋವು ಕಡಿಮೆಯಾಗಿದೆ ಎಂದರು. ಎಣ್ಣೆ ಹಿಡಿಯಿತೆಂದು ಆಕೆ ದಿನಕ್ಕೆ ಎರಡು ಸಲ ತಿಕ್ಕಿದರು.

ಅತ್ತ ಕಾಲೋನಿಯ ಮೊಣಕಾಲುಗಳು ಒಂದೊಂದಾಗಿ ಎಚ್ಚರಗೊಂಡವು. ಮೊದಲು ಬಂದವರು ಎದುರು ಬ್ಲಾಕಿನ ಸದಾನಂದ, ಮೈಸೂರಿನ ಕಡೆಯವರು, ರೈಲ್ವೆಯಲ್ಲಿ ಗೂಡ್ಸ್ ಗಾರ್ಡಾಗಿದ್ದು ನಿವೃತ್ತರಾದವರು, ಅರವತ್ತಾರು ವಯಸ್ಸು. ಅವರ ಹೆಂಡತಿ ಸರಸ, ಮೊಣಕಾಲಿನ ಕಾರಣಕ್ಕೆ ಗಂಡನಿಗೆ ಮೆಟ್ಟಿಲು, ಆಲೂಗಡ್ಡೆ, ತಣ್ಣೀರು, ನೆಲದ ಮೇಲೆ ಕೂರುವುದು ಎಲ್ಲವನ್ನೂ ನಿಷೇಧಿಸಿದ್ದರು. ಮಗ ಸ್ಕೂಟರ್ ಕೊಂಡ ಮೇಲೆ ಮೂಲೆ ಸೇರಿದ್ದ ಗೇರ್ ಸೈಕಲ್ಲನ್ನು ಸದಾನಂದ ತಿರುಮಲನ ಅಂಗಡಿಗೆ ತಳ್ಳಿಕೊಂಡು ಹೋದರು. ತಿರುಮಲ ಇವರಿಗೂ ಬ್ರೇಕು ಎಟಕುವುದಿಲ್ಲ ಎಂದ. ಮೂವತ್ತಾರು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ಬ್ರೇಕು ಕಾದುಕೊಂಡು ಕೂತಿದ್ದೇನೆ, ಇನ್ನು ಅದು ಇಲ್ಲದಿದ್ದರೂ ನಡೆಯುತ್ತೆ ಎಂದು ಸದಾನಂದ ಹೇಳಿದರು.

ಅವರ ಹಿಂದೆ ಕೃಷ್ಣಪ್ರಸಾದ ತಮ್ಮ ಹಳೆಯ ಉಕ್ಕಿನ ಸೈಕಲ್ಲು ತಂದರು. ನಿವೃತ್ತ ಹೆಡ್‌ಮಿಸ್ಟ್ರೆಸ್ ಜಯಲಕ್ಷ್ಮೀ ಲೇಡೀಸ್ ಸೈಕಲ್ಲು ತಂದರು. ಇನ್ನೂ ನಾಲ್ವರು ಬಂದರು. ತಿರುಮಲ ಏಳು ಜನಕ್ಕೂ ಅದೇ ಮಾತು ಹೇಳಿದ. ಏಳು ಜನವೂ ಸಿದ್ಧಲಿಂಗೇಶ್ ಸಾರ್ ಹೆಸರು ಹೇಳಿದರು. ಅಕ್ಟೋಬರಿನ ಹೊತ್ತಿಗೆ ಬೆಳಿಗ್ಗೆ ಆರು ಗಂಟೆಗೆ ಕಾಮಾಕ್ಷಿ ನಗರದಲ್ಲಿ ನೋಡಿದರೆ, ವಯಸ್ಸಾದವರೆಲ್ಲ ಪ್ರಾಣಭಯದಿಂದ ಓಡುವವರ ಹಾಗೆ ಕಾಲು ತಿರುಗಿಸುತ್ತಾ, ಹಾಲು ತರಲು ಹೊರಟ ಹೆಂಗಸರಿಗಿಂತ ಹಿಂದೆ ಬೀಳುತ್ತಿದ್ದರು. ನೋವು ಕಡಿಮೆಯಾಗಿದೆ ಎಂದು ಎಲ್ಲರೂ ಹೇಳಿದರು. ಜಯಲಕ್ಷ್ಮೀ ಮಾತ್ರ, ಬಲಗಾಲಿಗೆ ವಾಸಿ, ಎಡಗಾಲಿಗೆ ಯಾವಾಗ ಆಗುತ್ತದೆ ಎಂದು ಸಿದ್ಧಲಿಂಗೇಶರನ್ನು ದಿನಾ ಕೇಳುತ್ತಿದ್ದರು. ಅವರಿಂದ ತಪ್ಪಿಸಿಕೊಳ್ಳಲು ಇವರು ಬೇರೆ ಬೀದಿಯಿಂದ ಹೋಗತೊಡಗಿದರು. ಆದರೆ ಆ ಸೈಕಲ್ಲಿನಲ್ಲಿ ಯಾರಿಂದಲಾದರೂ ತಪ್ಪಿಸಿಕೊಳ್ಳುವುದು ಸುಲಭವಿರಲಿಲ್ಲ. ಆಕೆ ನಡೆದುಕೊಂಡೇ ಬಂದು ಹಿಡಿಯುತ್ತಿದ್ದರು.

ಕಾಲೋನಿಯ ನೆಲ ತಟ್ಟೆಯ ಹಾಗೆ ಸಮ. ಆದ್ದರಿಂದ ತಿರುಮಲ ಹೇಳಿದ್ದ ಬ್ರೇಕಿನ ಮಾತು ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ನವೆಂಬರಿನ ಎರಡನೆಯ ವಾರ ಸಂಘದ ಬೋರ್ಡಿನ ಮೇಲೆ ನೋಟೀಸು ಅಂಟಿತು. ಬರುವ ಭಾನುವಾರ ಬೆಳಿಗ್ಗೆ ಪಶ್ಚಿಮ ತಾಂಬರಂನ ಕಲ್ಯಾಣ ಮಂಟಪದಲ್ಲಿ ಮೊಣಕಾಲಿನ ಉಚಿತ ತಪಾಸಣೆ. ಕಾಮಾಕ್ಷಿ ನಗರದ ಸದಸ್ಯರು ಸೈಕಲ್ಲಿನಲ್ಲಿಯೇ ಮೆರವಣಿಗೆಯಾಗಿ ಹೋಗಿ ಡಾಕ್ಟರಿಗೆ ತಮ್ಮ ಕಾಲು ತೋರಿಸಿ, ಈ ಹೊಸ ವಿಧಾನವನ್ನು ಊರಿಗೆ ತಿಳಿಸುವುದು. ಮುಂದಾಳು, ಶ್ರೀ ಸಿದ್ಧಲಿಂಗೇಶ್. ದಾರಿ, ರೈಲ್ವೆ ಸಬ್‌ವೇ.

ಸಿದ್ಧಲಿಂಗೇಶರು ನೋಟೀಸಿನ ಕೊನೆಯ ಎರಡು ಪದಗಳನ್ನು ನಾಲ್ಕು ಸಲ ಓದಿದರು. ಪೂರ್ವದಿಂದ ಪಶ್ಚಿಮಕ್ಕೆ ಹೋಗಲು ಹಳಿಗಳ ಕೆಳಗೆ ತೂರುವ ಆ ಸಬ್‌ವೇ ಈ ಕಡೆಯಿಂದ ಜಾರುಬಂಡೆಯಂತೆ ಇಳಿಯುತ್ತದೆ.

ಓಡಾಟ ಶುರುವಾಯಿತು. ಕೃಷ್ಣಪ್ರಸಾದರ ಮನೆಗೆ ಹೋಗಿ, ಮಳೆಗಾಲ, ಮುಂದಕ್ಕೆ ಹಾಕೋಣ ಎಂದರು. ರೇನ್‌ಕೋಟು ತರಲು ಹೇಳಿದ್ದೇನೆ ಎಂದು ಅವರು ಹೇಳಿದರು. ಲೆವೆಲ್ ಕ್ರಾಸಿಂಗ್ ಕಡೆಯಿಂದ ಹೋಗೋಣ ಎಂದರು. ಭಾನುವಾರ ಅಲ್ಲಿ ಕೆಲಸ ನಡೆಯುತ್ತದೆ, ಗೇಟು ಮುಚ್ಚಿರುತ್ತದೆ ಎಂದು ಉತ್ತರ ಬಂತು. ನನಗೆ ಅಂದು ಆಫೀಸಿದೆ ಎಂದರು. ಭಾನುವಾರವಾ ಎಂದು ಕೃಷ್ಣಪ್ರಸಾದ ಬಹಳ ಮರ್ಯಾದೆಯಿಂದ ಕೇಳಿದರು. ಅಲ್ಲಿಂದ ತಿರುಮಲನ ಅಂಗಡಿಗೆ ಓಡಿ, ಎರಡು ದಿನದಲ್ಲಿ ಎಂಟು ಸೈಕಲ್ಲಿಗೂ ಬ್ರೇಕು ಕೂರಿಸಿಕೊಡು ಎಂದು ಕೈ ಹಿಡಿದರು. ಫ್ರೇಮಿನಲ್ಲಿ ಬ್ರೇಕು ಕೂರುವ ಜಾಗವೇ ಮೇಲಿದೆ, ಕೆಳಗೆ ತರಬೇಕಾದರೆ ಕೊಯ್ದು ಬೆಸೆಯಬೇಕು, ತಿಂಗಳಾಗುತ್ತದೆ ಎಂದ ತಿರುಮಲ. ಆಮೇಲೆ ಮೊದಲ ಸಲ ತಾನಾಗಿ ಒಂದು ಮಾತು ಹೆಚ್ಚಿಗೆ ಆಡಿದ. ನಿಮ್ಮ ಮಾತಿಗೆ ಬಂದವರು ಸಾರ್, ನಿಮ್ಮ ಮಾತಿಗೇ ನಿಲ್ಲಬೇಕು.

ಭಾನುವಾರ ಏಳು ಗಂಟೆಗೆ ಮೆರವಣಿಗೆ ಹೊರಟಿತು. ಹಿಂದಿನ ದಿನವೆಲ್ಲ ಮಳೆ ಸುರಿದು ಆಗತಾನೇ ಬಿಟ್ಟಿತ್ತು. ಗಿರಿಜಾದೇವಿ ಗಂಡನ ಎರಡೂ ಮೊಣಕಾಲಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಕಳಿಸಿದ್ದರು. ಸರಸ ಗಂಡನ ಕೊರಳಿಗೆ ಮಫ್ಲರು ಸುತ್ತಿದ್ದರು. ಎಂಟು ಸೈಕಲ್ಲುಗಳು ನಡೆದುಹೋಗುವವರಿಗೆಲ್ಲ ದಾರಿ ಬಿಡುತ್ತಾ ಸಾಗಿದವು. ಸದಾನಂದ ಎಲ್ಲರಿಗಿಂತ ಹಿಂದಿದ್ದರು.

ಸಬ್‌ವೇ ಹತ್ತಿರವಾದಂತೆ ಸಿದ್ಧಲಿಂಗೇಶರ ಕಾಲು ತಾನಾಗಿ ನಿಧಾನವಾಯಿತು. ಇಳಿಜಾರಿನ ಬಾಯಿಗೆ ಬಂದದ್ದೇ ಎರಡೂ ಪಾದ ಊರಿ, ಸೈಕಲ್ಲನ್ನು ರಸ್ತೆಗೆ ಅಡ್ಡ ಹಾಕಿ, ಕೈ ಎತ್ತಿ ನಿಂತರು. ಹಿಂದಿದ್ದವರು ಚಪ್ಪಲಿ ಉಜ್ಜುತ್ತಾ ಒಬ್ಬರಿಗೊಬ್ಬರು ತಗುಲಿಕೊಂಡು ನಿಂತರು. ಈ ಸಲ ಅವರು ಪೂರ್ತಿ ಉಸಿರು ತೆಗೆದುಕೊಂಡು, ಸ್ಪಷ್ಟವಾದ ತಮಿಳಿನಲ್ಲಿ ಹೇಳಿದರು.

"ಯಾರೂ ಮುಂದೆ ಹೋಗಬೇಡಿ. ಈ ಸೈಕಲ್ಲುಗಳಿಗೆ ಬ್ರೇಕಿಲ್ಲ. ಇದು ಮೊಣಕಾಲಿನ ಔಷಧಿಯೂ ಅಲ್ಲ. ನಾನು ಗಿಡ್ಡ. ನನ್ನ ಕಾಲು ನೆಲಕ್ಕೆ ಸಿಗುತ್ತಿರಲಿಲ್ಲ. ಅದಕ್ಕೆ ಗಾಲಿ ಚಿಕ್ಕದು ಮಾಡಿಸಿದೆ. ಇಷ್ಟೇ ವಿಷಯ."

ಎದುರಿನ ಹಳಿಗಳ ಮೇಲೆ ಒಂದು ಟ್ರೇನು ಹೋಯಿತು. ಅದು ಪೂರ್ತಿ ಹೋಗುವವರೆಗೆ ಕಾದು, ಜಯಲಕ್ಷ್ಮೀ ಕ್ಲಾಸಿನಲ್ಲಿ ತಪ್ಪು ಉತ್ತರ ತಿದ್ದುವವರ ಧ್ವನಿಯಲ್ಲಿ ಕೇಳಿದರು.

"ನೀವು ಗಿಡ್ಡ ಅನ್ನೋದು ಎಲ್ಲರಿಗೂ ಕಾಣುತ್ತೆ. ಅದನ್ನು ಯಾಕೆ ಹೇಳ್ತಿದ್ದೀರಿ? ಮೊಣಕಾಲು ನೋವಿನ ಕಥೆ ಏನು ಅದನ್ನು ಹೇಳಿ."

"ಆಗ ಇರಲಿಲ್ಲ. ಈಗ ಇದೆ," ಎಂದರು ಸಿದ್ಧಲಿಂಗೇಶರು.

ಕೃಷ್ಣಪ್ರಸಾದ ತಮ್ಮ ಸೈಕಲ್ಲಿನ ಬ್ರೇಕನ್ನು ಒಮ್ಮೆ ಒತ್ತಿ ನೋಡಿದರು. ಮತ್ತೊಮ್ಮೆ ಒತ್ತಿದರು. ಆಮೇಲೆ ಇಳಿಜಾರನ್ನು ನೋಡಿ ಮೆಲ್ಲಗೆ ಸೈಕಲ್ಲಿನಿಂದ ಇಳಿದರು. ಉಳಿದವರೂ ಇಳಿದರು. ಅಷ್ಟರಲ್ಲಿ ಹಿಂದಿನಿಂದ ಪೆಡಲಿನ ಗರಗರ ಸದ್ದು ಕೇಳಿತು. ಎಲ್ಲರೂ ತಿರುಗುವುದರೊಳಗೆ ಸದಾನಂದ, ಮಫ್ಲರಿನ ತುದಿ ಹಾರಿಸುತ್ತಾ, ಪಕ್ಕದ ಸಂದಿಯಲ್ಲಿ ನುಗ್ಗಿ, ಇಳಿಜಾರಿಗೆ ಬಿದ್ದುಬಿಟ್ಟರು.

ಗಿಡ್ಡ ಗಾಲಿಗಳ ಸೈಕಲ್ಲು ಇಳಿಜಾರಿನಲ್ಲಿ ನಿಧಾನವಾಗಿ ಹೋಗುತ್ತದೆ ಎಂದು ಯಾರಾದರೂ ತಿಳಿದಿದ್ದರೆ ಅಂದು ಅವರ ಭ್ರಮೆ ಹರಿಯಿತು. ಸಿದ್ಧಲಿಂಗೇಶರು ಸರ್ ಎಂದು ಕೂಗಿ ಹಿಂದೆಯೇ ಹಾರಿದರು. ಬ್ರೇಕಿಲ್ಲದವರನ್ನು ನಿಲ್ಲಿಸಲು ಬ್ರೇಕಿಲ್ಲದವರು ಹೋಗಿ ಏನು ಮಾಡಬಹುದೆಂದು ಯೋಚಿಸಲು ಪುರುಸೊತ್ತಿರಲಿಲ್ಲ. ಇವರ ಕಾಲುಗಳು ಪೆಡಲು ಬಿಟ್ಟು ಎರಡು ಕಡೆಗೂ ಚಾಚಿದವು. ಚಪ್ಪಲಿ ಒಂದು ಹೋಯಿತು, ಇನ್ನೊಂದು ಹೋಯಿತು. ಮೊಣಕಾಲಿನ ಬಟ್ಟೆ ಬಿಚ್ಚಿ ಗೋಡೆಗೆ ಅಂಟಿತು. ಎದುರಿನಿಂದ ಏರಿ ಬರುತ್ತಿದ್ದ ಎಳನೀರಿನ ಗಾಡಿಯವನು ಗಾಡಿ ಬಿಟ್ಟು ಗೋಡೆ ಹಿಡಿದ. ಕೆಳಗೆ ಮಳೆಯ ನೀರು ಮೊಣಕಾಲುದ್ದ ನಿಂತಿತ್ತು. ಮೊದಲು ಸದಾನಂದ, ಅವರ ಹಿಂದೆ ಸಿದ್ಧಲಿಂಗೇಶರು, ಎರಡು ಕಡೆಗೂ ನೀರೆಬ್ಬಿಸುತ್ತಾ ಹೋಗಿ ಅದರ ನಡುಮಧ್ಯದಲ್ಲಿ ನಿಂತು, ಪಕ್ಕಕ್ಕೆ ವಾಲಿ, ಬಿದ್ದರು.

ಸಿದ್ಧಲಿಂಗೇಶರು ನೀರಿನಲ್ಲಿ ತಡವರಿಸುತ್ತಾ ಹೋಗಿ ಮುದುಕರ ಎರಡೂ ಹೆಗಲು ಹಿಡಿದೆತ್ತಿ ಕೂರಿಸಿದರು. ಸದಾನಂದರ ಕಣ್ಣು ಮುಚ್ಚಿತ್ತು. ಮಫ್ಲರಿನಿಂದ ನೀರು ಸುರಿಯುತ್ತಿತ್ತು. ತಪ್ಪೆಲ್ಲ ನಂದ್ರೀ, ನಿಮಗ ಏನೂ ಆಗಿಲ್ಲ ಅಂತ ಒಂದ ಮಾತು ಹೇಳ್ರಿ ಎಂದು ಬೇಡಿಕೊಂಡರು. ಸದಾನಂದ ಒಂದು ಕಣ್ಣು ತೆರೆದು, ಮೇಲಿನಿಂದ ಓಡಿ ಬರುತ್ತಿದ್ದವರು ಇನ್ನೂ ಎಷ್ಟು ದೂರದಲ್ಲಿದ್ದಾರೆಂದು ನೋಡಿಕೊಂಡರು.

"ನೀವು ಹೇಳಿದ್ದೆಲ್ಲ ಕೇಳಿಸ್ತು ಸ್ವಾಮಿ," ಎಂದರು ಮೆಲ್ಲಗೆ. "ಎಲ್ಲರ ಹಾಗೆ ನಾನೂ ನಿಂತಿದ್ದೆ. ಆಮೇಲೆ ಬೇಕಂತಲೇ ಕಾಲು ನಾನೇ ಎತ್ತಿದ್ದು."

ಅಷ್ಟರಲ್ಲಿ ಕೃಷ್ಣಪ್ರಸಾದರ ತಂಡ ಪಂಚೆ ಎತ್ತಿಕಟ್ಟಿಕೊಂಡು ನೀರಿಗಿಳಿಯಿತು. ಸದಾನಂದ ಕಣ್ಣು ಮುಚ್ಚಿ ನರಳತೊಡಗಿದರು.

ಯಾರಿಗೂ ಮೂಳೆ ಮುರಿದಿರಲಿಲ್ಲ. ಎಂಟೂ ಸೈಕಲ್ಲುಗಳು ಅಂದೇ ಮಧ್ಯಾಹ್ನ ತಿರುಮಲನ ಅಂಗಡಿ ಸೇರಿದವು. ಅವನು ಪ್ರತಿಯೊಂದರ ಹಳೆಯ ಗಾಲಿಗಳನ್ನು ಹೆಸರು ಬರೆದು ಹಿಂದೆ ನೇತುಹಾಕಿದ್ದನ್ನು ಇಳಿಸತೊಡಗಿದ. ಸಂಘದ ಬೋರ್ಡಿನ ನೋಟೀಸಿನ ಜಾಗಕ್ಕೆ ನೀರಿನ ಟ್ಯಾಂಕು ತೊಳೆಯುವ ನೋಟೀಸು ಬಂತು.

ಸಿದ್ಧಲಿಂಗೇಶರು ಬರಿಗಾಲಿನಲ್ಲಿ ಮನೆಗೆ ಬರುವಷ್ಟರಲ್ಲಿ ಅವರು ಹೇಳಿದ ಮಾತು ಅವರಿಗಿಂತ ಮೊದಲೇ ಬಂದು ತಲುಪಿತ್ತು. ಗಿರಿಜಾದೇವಿ ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತಿದ್ದರು. ಬಹಳ ಹೊತ್ತು ಗಂಡನ ತಲೆ ಒರೆಸಿದರು.

"ಕಣ್ಣ ತಕ್ಕೊಂಡು ನೋಡೇ ಲಗ್ನಾ ಆಗೀನ್ರಿ," ಎಂದರು ಕೊನೆಗೆ. "ನಿಮ್ಮಷ್ಟು ಎತ್ತರಾನ ಸಾಕು ಅಂತ ಅನಸಿತ್ತು ನನಗ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ."

ಅದೇ ಹೊತ್ತಿಗೆ ಯಾರೋ ಬಾಗಿಲು ದಬದಬ ಬಡಿದರು. ಸರಸ ಬಂದಿದ್ದರು, ಹಿಂದೆ ಶಾಲು ಹೊದ್ದ ಸದಾನಂದ.

ಸರಸ ಕೂರಲಿಲ್ಲ. ತಮ್ಮ ಗಂಡ ಯಾವತ್ತೂ ಹೇಳಿದ ಮಾತು ಮೀರುವವರಲ್ಲ, ಎಲ್ಲರೂ ನಿಂತ ಮೇಲೆ ಅವರೊಬ್ಬರೇ ಹೇಗೆ ಹೋದರು, ಯಾರಾದರೂ ತಳ್ಳಿದರಾ, ಇಲ್ಲಾ ಸೈಕಲ್ಲಿನಲ್ಲಿ ಇನ್ನೇನಾದರೂ ದೋಷವಿತ್ತಾ, ಈಗಲೇ ಗೊತ್ತಾಗಬೇಕು ಎಂದರು. ಸದಾನಂದ ಶಾಲಿನೊಳಗಿನಿಂದ ಸಿದ್ಧಲಿಂಗೇಶರನ್ನು ನೋಡಿದರು. ಅಂತಹ ನೋಟವನ್ನು ಸಿದ್ಧಲಿಂಗೇಶರು ಕ್ಲೇಮು ತಿರಸ್ಕೃತವಾಗಲಿದ್ದ ಪಾಲಿಸಿದಾರರ ಮುಖದಲ್ಲಿ ಮಾತ್ರ ಕಂಡಿದ್ದರು.

ಬೆಳಿಗ್ಗೆಯಷ್ಟೇ ನಿಜ ಹೇಳಿ ಹಗುರಾಗಿದ್ದ ಮನುಷ್ಯ ಅವರು.

"ತಪ್ಪು ನನ್ನದ್ರೀ ಅಮ್ಮಾರ," ಎಂದರು. "ನಾನ ಕೈ ಬೀಸಿದೆ. ಬರ್ರಿ ಅಂತ ಕರದಂಗ ಕಂಡಿರಬೇಕು ಅವರಿಗೆ."

ಸರಸ ಅರ್ಧ ಗಂಟೆ ಬೈದರು. ಮೈಸೂರಿನ ಕನ್ನಡದಲ್ಲಿ ಇಷ್ಟೊಂದು ಖಾರವಿದೆಯೆಂದು ಸಿದ್ಧಲಿಂಗೇಶರಿಗೆ ತಿಳಿದಿರಲಿಲ್ಲ. ಬೈಗುಳ ಮುಗಿದ ಮೇಲೆ ಆಕೆ ಚಪ್ಪಲಿ ಮೆಟ್ಟಿಕೊಂಡು ಮುಂದೆ ಮೆಟ್ಟಿಲಿಳಿದರು. ಸದಾನಂದ ಎರಡು ಮೆಟ್ಟಿಲು ಇಳಿದವರು, ಕಂಬಿ ಹಿಡಿದು ಹಾಗೇ ಹಿಂದಕ್ಕೆ ಬಂದರು. ಸಿದ್ಧಲಿಂಗೇಶರ ಕಿವಿಗೆ ಬಾಗಬೇಕಾಗಿದ್ದರಿಂದ ಸೊಂಟವನ್ನು ಚೆನ್ನಾಗಿಯೇ ಬಗ್ಗಿಸಿದರು.

"ತಿರುಮಲನಿಗೆ ಹೇಳಿ ನನ್ನ ಸೈಕಲ್ಲಿನ ಗಿಡ್ಡ ಗಾಲಿ ಮಾತ್ರ ಎರಡು ವಾರ ಹಾಗೇ ಇಡಿಸಿ," ಎಂದರು. "ಸಬ್‌ವೇಲಿ ನೀರು ಬತ್ತಿಬಿಟ್ಟರೆ ಆ ಮಜಾ ಆಮೇಲೆ ಸಿಗಲ್ಲ."